ರಾಯಚೂರಿಗೆ ವರ್ಗವಾಗಿ ಬರುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವರ್ಗಾವಣೆ ಆದೇಶ ಕೈಗೆ ಬಂದ ದಿನ ನಿಮ್ಮ ಮನೆಯಲ್ಲಿ ಏನು ಮಾತು ನಡೆದಿರುತ್ತದೆ ಅಂತ ನಾವು ಊಹಿಸಬಲ್ಲೆವು. 'ಯಾರನ್ನ ಎದುರು ಹಾಕ್ಕೊಂಡ್ರಿ?' ಅಂತ ಒಬ್ಬರಾದರೂ ಕೇಳಿರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೇ ಓದಲಿ, ನೀವೊಬ್ಬರೇ ಹೋಗಿ, ಹೇಗಾದರೂ ಮಾಡಿ ಬೇಗ ವಾಪಸ್ ಬಂದುಬಿಡಿ ಅನ್ನುವ ತೀರ್ಮಾನವೂ ಆಗಿರುತ್ತದೆ. ಪೇಪರಿನವರೂ ಅಷ್ಟೇ. ಯಾರಾದರೂ ನಮ್ಮ ಜಿಲ್ಲೆಗೆ ಬಂದರೆ 'ಎತ್ತಂಗಡಿ' ಅಂತಲೇ ಬರೆಯುತ್ತಾರೆ.

ಇದರ ಬಗ್ಗೆ ನಮಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ಬರುವವರಿಗೆ ಊರು ಎಂಥದ್ದು ಅಂತ ಯಾರಾದರೂ ಹೇಳಬೇಕಲ್ವಾ? ನಿಮ್ಮ ಟೇಬಲ್ಲಿಗೆ ಬರುವ ಕಡತಗಳಲ್ಲಿ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಇರುತ್ತದೆ. ಅಪೌಷ್ಟಿಕ ಮಕ್ಕಳ ಲೆಕ್ಕ, ಗುಳೆ ಹೋದವರ ಲೆಕ್ಕ ಇರುತ್ತದೆ. ಅವೆಲ್ಲ ಸುಳ್ಳಲ್ಲ. ಕಡತದಲ್ಲಿ ಇಲ್ಲದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ವಿಧಾನಸೌಧದಿಂದ ನೋಡಿದರೆ ರಾಯಚೂರು ಅಂಚಿನ ಊರು. ಇಲ್ಲಿಗೆ ಬಂದು ನಿಂತು ನೋಡಿ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಬೈಕ್ ಇದ್ದರೆ ಒಂದೇ ಬೆಳಿಗ್ಗೆ ಎರಡೂ ನದಿ ನೋಡಿಕೊಂಡು ಬರಬಹುದು. ದೇವಸೂಗೂರಿನಲ್ಲಿ ಕೃಷ್ಣೆ ದಾಟಿದರೆ ತೆಲಂಗಾಣ. ತುಂಗಭದ್ರೆ ದಾಟಿದರೆ ಮಂತ್ರಾಲಯ, ಅಂದರೆ ಆಂಧ್ರ. ಎರಡೂ ನದಿ ಪೂರ್ವಕ್ಕೆ ಹರಿದು ಆಲಂಪುರದ ಹತ್ತಿರ ಒಂದಾಗುತ್ತವೆ. ಈ ನಡುವಿನ ನೆಲವನ್ನು ಹಳೇ ಶಾಸನಗಳು ಎಡೆದೊರೆ ನಾಡು ಅಂತ ಕರೆದವು. ಆಮೇಲಿನವರು ದೋಆಬ್ ಅಂದರು. ಹತ್ತಿ, ಜೋಳ ಬೆಳೆಯುವ ಎರೆ ಮಣ್ಣು. ಪಶ್ಚಿಮಕ್ಕೆ ಹಟ್ಟಿಯಲ್ಲಿ ಚಿನ್ನ, ಅದೂ ಇವತ್ತಿಗೂ ತೆಗೆಯುತ್ತಿರುವ ಚಿನ್ನ. ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ 1915ರಲ್ಲಿ ನಮ್ಮ ಮಸ್ಕಿಯ ಬೆಟ್ಟದಲ್ಲಿ ಒಂದು ಬಂಡೆ ಬರಹ ಕಂಡಿತು. ಅಲ್ಲಿಯವರೆಗೆ ಓದಿದ್ದ ಬಂಡೆ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇತ್ತು, ದೇವಾನಾಂಪ್ರಿಯ ಅಂತ. ಮಸ್ಕಿಯ ಬಂಡೆ ಅಶೋಕ ಅಂತ ಹೆಸರನ್ನೇ ಹೇಳಿತು. ಆ ಎಲ್ಲಾ ಶಾಸನಗಳ ಒಡೆಯ ಯಾರು ಅನ್ನುವುದು ಗಟ್ಟಿಯಾದದ್ದು ನಮ್ಮ ಜಿಲ್ಲೆಯಲ್ಲಿ.

ಇಂಥ ನೆಲವನ್ನು ಯಾರು ಬಿಡುತ್ತಾರೆ? ವಿಜಯನಗರ ಮತ್ತು ಬಹಮನಿಗಳು ಹೆಚ್ಚು ಕಮ್ಮಿ ಹುಟ್ಟಿದಾಗಿನಿಂದ ಇದಕ್ಕಾಗಿ ಬಡಿದಾಡಿದರು. ಒಂದು ಸಲದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ಕಾರಣ ಅಂತ ಫಿರಿಶ್ತಾ ಬರೆದಿದ್ದಾನೆ. ಇರಲಿ, ಯುದ್ಧಕ್ಕೆ ಹೆಣ್ಣನ್ನು ಕಾರಣ ಮಾಡುವುದು ಚರಿತ್ರೆಕಾರರ ಹಳೇ ಚಾಳಿ. ನಿಜವಾದ ಕಾರಣ ನದಿಯಿಂದ ನದಿಯವರೆಗೆ ಹಾಸಿಕೊಂಡು ಬಿದ್ದಿತ್ತು.

ಈಗ ಕೋಟೆಗೆ ಬನ್ನಿ. ಅಧಿಕಾರ ವಹಿಸಿಕೊಂಡ ವಾರದಲ್ಲೇ ಬಂದರೆ ಒಳ್ಳೆಯದು. ಬೆಳಿಗ್ಗೆ ಬೇಗ ಬನ್ನಿ, ಯಾಕಂದರೆ ಇದು ಬಿಸಿಲೂರು. ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಕಲ್ಲು ಮುಟ್ಟಲಾಗುವುದಿಲ್ಲ. ಕೋಟೆಗೆ ಎರಡು ಸುತ್ತು. ಹೊರಗಿನದು ಆದಿಲ್‌ಶಾಹಿಗಳದ್ದು. ಒಳಗಿನದು ಅದಕ್ಕೂ ಹಳೆಯದು, ಕಾಕತೀಯರ ಕಾಲದ್ದು. ದೊಡ್ಡ ದೊಡ್ಡ ಕಲ್ಲುಗಳನ್ನು ಕಡಿದು, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಅದರ ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ ಸುಮಾರು 41 ಅಡಿ. ತುಂಡಿಲ್ಲ, ಜೋಡಣೆಯಿಲ್ಲ, ಒಂದೇ ಕಲ್ಲು. ಅದರ ಮೇಲೆ ತೆಲುಗಿನಲ್ಲಿ ಕೆತ್ತಿದ್ದಾರೆ. ಗೋರೆ ಗಂಗಯ್ಯ ರೆಡ್ಡಿ ಎಂಬ ದಂಡನಾಯಕ 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ.

ನನಗೆ ಆ ಬರಹಕ್ಕಿಂತ ಅದೇ ಗೋಡೆಯಲ್ಲಿರುವ ಚಿತ್ರ ಜಾಸ್ತಿ ಇಷ್ಟ. ಆ ಕಲ್ಲನ್ನು ಇಲ್ಲಿಗೆ ಹೇಗೆ ತಂದರು ಅಂತ ಗೆರೆಯಲ್ಲಿ ಕೊರೆದು ತೋರಿಸಿದ್ದಾರೆ. ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಸಾಲು ಸಾಲು ಕೋಣಗಳು. ದಂಡನಾಯಕನ ಹೆಸರು ಬರೆದು ಸುಮ್ಮನಾಗಬಹುದಿತ್ತು. ಎಳೆದವರನ್ನೂ ತೋರಿಸಬೇಕು ಅಂತ ಆ ಕಾಲದಲ್ಲಿ ಯಾರಿಗೋ ಅನ್ನಿಸಿದೆ. ಇವತ್ತಿನ ಉದ್ಘಾಟನೆಯ ಕಲ್ಲುಗಳಲ್ಲಿ ಗುತ್ತಿಗೆದಾರನ ಹೆಸರಾದರೂ ಇರುತ್ತದೆ, ಗಾರೆ ಹೊತ್ತವರದ್ದು ಇರುವುದಿಲ್ಲ.

ಕಾರಹುಣ್ಣಿಮೆಗೆ ನೀವು ಊರಲ್ಲಿದ್ದರೆ ಮುಂಗಾರು ಹಬ್ಬ ನೋಡಿ. ಮುನ್ನೂರುಕಾಪು ಸಮಾಜದವರು ನಡೆಸುತ್ತಾರೆ. ಎತ್ತುಗಳಿಗೆ ಟನ್‌ಗಟ್ಟಲೆ ಭಾರದ ಕಲ್ಲು ಕಟ್ಟಿ ಎಳೆಸುವ ಸ್ಪರ್ಧೆ. ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ನಮ್ಮ ಜನ ಕನ್ನಡದಲ್ಲೂ ತೆಲುಗಿನಲ್ಲೂ ಕೂಗುತ್ತಾರೆ. ಗೆದ್ದ ಎತ್ತಿನ ಮಾಲೀಕ ಯಾವ ರಾಜ್ಯದವನು ಅಂತ ಯಾರೂ ಕೇಳುವುದಿಲ್ಲ, ಎತ್ತು ಯಾವ ತಳಿ ಅಂತ ಕೇಳುತ್ತಾರೆ.

1520ರ ಯುದ್ಧದ ಕಥೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಆ ವರ್ಷ ಮೇ ತಿಂಗಳಲ್ಲಿ, ಇದೇ ಬಿಸಿಲಿನಲ್ಲಿ, ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದ. ಇಸ್ಮಾಯಿಲ್ ಆದಿಲ್ ಶಾ ಕೃಷ್ಣಾ ನದಿ ದಾಟಿ ಎದುರಿಗೆ ಬಂದ. ಅವನ ಬಳಿ ಫಿರಂಗಿಗಳು ಜಾಸ್ತಿ. ಮೊದಲ ಹೊಡೆತಕ್ಕೇ ವಿಜಯನಗರದ ಮುಂದಿನ ಸಾಲು ಚೆದುರಿತು. ರಾಯ ತಾನೇ ಮುಂದೆ ನಿಂತು ದಂಡನ್ನು ಮತ್ತೆ ಕೂಡಿಸಿದ. ಕೊನೆಗೆ ಬಿಜಾಪುರದ ಸೈನ್ಯ ನದಿಯ ಕಡೆ ಓಡಿತು, ಎಷ್ಟೋ ಜನ ನೀರುಪಾಲಾದರು. ಆದರೂ ಕೋಟೆ ಬೀಳಲಿಲ್ಲ. ಆಗ ಕ್ರಿಸ್ಟೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನೊಬ್ಬ ಕೆಲವು ಬಂದೂಕುಗಾರರ ಜೊತೆ ಬಂದ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಗುರಿಯಿಟ್ಟು ಹೊಡೆದರು. ಕೆಳಗಿದ್ದವರು ಆ ಬಿಡುವಿನಲ್ಲಿ ಗೋಡೆಯ ಕಲ್ಲು ಕಿತ್ತರು. ಕೋಟೆಯ ಅಧಿಕಾರಿ ಇಣುಕಿ ನೋಡಿದ, ಹಣೆಗೆ ಗುಂಡು ಬಿತ್ತು. ಮರುದಿನ ಕೋಟೆ ಶರಣಾಯಿತು. ಇದನ್ನೆಲ್ಲ ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟ. ಹಂಪಿಗೆ ಹೋದವರಿಗೆ ಗೈಡ್‌ಗಳು ರಾಯನ ವೈಭವ ಹೇಳುತ್ತಾರೆ. ಅವನ ಅತಿ ದೊಡ್ಡ ಗೆಲುವು ಸಿಕ್ಕಿದ್ದು ನೀವು ಶಿಕ್ಷೆ ಅಂದುಕೊಂಡು ಬರುತ್ತಿರುವ ಊರಿನಲ್ಲಿ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1565ರ ನಂತರ ಊರು ಮತ್ತೆ ಬಿಜಾಪುರಕ್ಕೆ, 1686ರ ನಂತರ ಔರಂಗಜೇಬನಿಗೆ, ಆಮೇಲೆ ನಿಜಾಮರಿಗೆ. 1853ರಲ್ಲಿ ಸೈನ್ಯದ ಖರ್ಚಿನ ಬಾಕಿಗಾಗಿ ನಿಜಾಮರು ದೋಆಬ್ ಅನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. 1860ರಲ್ಲಿ ಅದು ವಾಪಸ್ ಬಂತು. 1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಹಳಿಯೂ ಮದರಾಸು ಕಡೆಯಿಂದ ಬಂದ ಹಳಿಯೂ ಕೂಡಿದ್ದು ರಾಯಚೂರಿನಲ್ಲಿ. ದೇಶದ ಎರಡು ದೊಡ್ಡ ಬಂದರು ನಗರಗಳ ನಡುವೆ ರೈಲು ಓಡಿದ್ದು ನಮ್ಮ ಸ್ಟೇಷನ್ ಮೂಲಕ. ಈಗ ಅದೇ ಸ್ಟೇಷನ್ನಿನಲ್ಲಿ ಇಳಿಯುವ ಹೊರಗಿನವರಲ್ಲಿ ಬಹಳ ಜನ ಊರೊಳಗೆ ಕಾಲಿಡದೆ ನೇರ ಮಂತ್ರಾಲಯದ ಬಸ್ ಹಿಡಿಯುತ್ತಾರೆ. ರಾಯರ ದರ್ಶನ ಮಾಡಿಕೊಳ್ಳಲಿ, ಬೇಡ ಅನ್ನುವುದಿಲ್ಲ. ವಾಪಸ್ ಬರುವಾಗ ಅರ್ಧ ದಿನ ಇಲ್ಲಿ ಕಳೆಯುವ ಹಾಗೆ ನಾವು ಏನೂ ಮಾಡಿಲ್ಲ ಅಷ್ಟೇ.

ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು. ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ನೀವು ಆಗಸ್ಟ್ 15ಕ್ಕೆ ಧ್ವಜ ಹಾರಿಸಿ, ಮತ್ತೆ ಸೆಪ್ಟೆಂಬರ್‌ನಲ್ಲೂ ಹಾರಿಸುವಾಗ ಇದನ್ನು ನೆನಪಿಡಿ. ಆ ದಿನ ಭಾಷಣ ಕೇಳುವವರ ಮನೆಗಳಲ್ಲಿ ನಿಜಾಮರ ಪರ ನಿಂತ ರಜಾಕಾರರ ಕಾಲದ ನೆನಪೂ ಇದೆ, ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯ ನಂತರದ ದಿನಗಳ ನೆನಪೂ ಇದೆ. ಎರಡೂ ಕಡೆಯವರು ಒಂದೇ ಓಣಿಯಲ್ಲಿದ್ದಾರೆ. ಬರೆದುಕೊಟ್ಟ ಭಾಷಣ ಓದುವ ಮೊದಲು ಒಮ್ಮೆ ಕಣ್ಣಾಡಿಸಿ.

1956ರ ನವೆಂಬರ್ 1ಕ್ಕೆ ಗಡಿ ಮತ್ತೆ ಸರಿಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ನಮ್ಮದೇ ಜಿಲ್ಲೆಯ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಈಗ ಅವು ತೆಲಂಗಾಣದಲ್ಲಿವೆ. ಗೆರೆ ಎಳೆದರು, ಆದರೆ ಬೀಗತನ ನಿಲ್ಲಲಿಲ್ಲ. ಗದ್ವಾಲಿನ ಸೊಸೆಯಂದಿರು ಇಲ್ಲಿದ್ದಾರೆ, ಇಲ್ಲಿನ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ತೀನ್ ಕಂದೀಲ್ ಹತ್ತಿರ ಬಟ್ಟೆ ಕೊಳ್ಳುವಾಗ ಉರ್ದು. ಇದನ್ನು ನೋಡಿ ಹೊರಗಿನವರು 'ಇಲ್ಲಿ ಕನ್ನಡ ಇಲ್ಲ' ಅಂತ ಷರಾ ಬರೆದುಬಿಡುತ್ತಾರೆ. ತಪ್ಪು. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ, ಮೂರೂ ಈ ಜಿಲ್ಲೆಯ ಹಳ್ಳಿಗಳು. ಅದಕ್ಕೂ ಮೊದಲು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಹೋದದ್ದು ನಮ್ಮ ಅಮರೇಶ್ವರದಿಂದ. ನಿಜಾಮರ ಆಳ್ವಿಕೆಯಲ್ಲಿ, ಉರ್ದುವೇ ಎಲ್ಲ ಆಗಿದ್ದಾಗ, ಪಂಡಿತ ತಾರಾನಾಥರು ಇಲ್ಲಿ ಶಾಲೆ ಕಟ್ಟಿದರು. ಅದಕ್ಕೆ ಹಮ್‌ದರ್ದ್ ಅಂತ ಉರ್ದು ಹೆಸರಿಟ್ಟರು. ಕನ್ನಡ ಉಳಿಸಲು ಉರ್ದುವಿನ ಮೇಲೆ ದ್ವೇಷ ಬೇಕಾಗಿರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗ ಸೇರಿದ ಜನ ನೋಡಿದ್ದರೆ ಆ ಷರಾ ಬರೆಯುತ್ತಿರಲಿಲ್ಲ.

ಮೊಹರಂ ಬಂದಾಗ ಅಲಾಯಿ ಕುಣಿಯುವವರಲ್ಲಿ ಹಿಂದೂಗಳೂ ಇರುತ್ತಾರೆ. ಮುದಗಲ್ಲಿಗೆ ಹೋದರೆ ಗೊತ್ತಾಗುತ್ತದೆ. ಬಂದೋಬಸ್ತ್ ಸಭೆಯಲ್ಲಿ ದಯವಿಟ್ಟು ಇದನ್ನು 'ಸೂಕ್ಷ್ಮ ಪ್ರದೇಶ' ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ.

ಇನ್ನು ಕೆಲಸದ ವಿಷಯ. ನೀವು ಇಲ್ಲಿಗೆ ಬಂದ ಮೇಲೆ ಜಾಸ್ತಿ ಕೇಳುವ ದೂರು ನೀರಿನದ್ದು. ಎರಡು ನದಿ ಇರುವ ಊರಿಗೆ ನೀರಿನ ಬರ ಅಂದರೆ ನಗು ಬರುತ್ತದೆ, ನಿಜ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಶುರುವಾಗಿ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಹರಿಯಬೇಕು. ನಮ್ಮದು ಅದರ ಬಾಲ. ಮೇಲಿನವರು ಭತ್ತ ಬೆಳೆಯುತ್ತಾರೆ. ಕಾಲುವೆ ಪಕ್ಕ ಪಂಪ್ ಇಟ್ಟು ಅಚ್ಚುಕಟ್ಟಿನಾಚೆಗೂ ನೀರು ಒಯ್ಯುತ್ತಾರೆ. ಇಲ್ಲಿಗೆ ಬರುವಷ್ಟರಲ್ಲಿ ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಬಿದ್ದಿರುತ್ತದೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ಪ್ರತಿ ವರ್ಷ ರಸ್ತೆಯಲ್ಲಿ ಕೂರುತ್ತಾರೆ. ಪ್ರತಿ ವರ್ಷ ಒಬ್ಬ ಅಧಿಕಾರಿ ಬಂದು ಮನವಿ ತೆಗೆದುಕೊಳ್ಳುತ್ತಾರೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಟಿವಿಯವರೆಲ್ಲ ಅಣೆಕಟ್ಟಿನ ಮೇಲೆ ನಿಂತಿದ್ದರು. ಬಾಲದ ರೈತ ಮಾತ್ರ ತನ್ನ ಉಪಕಾಲುವೆಯ ಹತ್ತಿರ ನಿಂತು ಲೆಕ್ಕ ಹಾಕುತ್ತಿದ್ದ.

ನೀವು ಹಗಲು ಕಾಲುವೆ ವೀಕ್ಷಣೆಗೆ ಹೋಗಬೇಡಿ. ಹಗಲು ಎಲ್ಲ ಸರಿಯಾಗಿರುತ್ತದೆ. ರಾತ್ರಿ ಹೋಗಿ, ಹೇಳದೆ ಹೋಗಿ, ಜೊತೆಗೆ ಕೊನೆಯ ಹಳ್ಳಿಯ ಇಬ್ಬರು ರೈತರನ್ನು ಕರೆದುಕೊಂಡು ಹೋಗಿ. ಒಂದು ಹಂಗಾಮಿನಲ್ಲಿ ಇಷ್ಟು ಮಾಡಿದ ಅಧಿಕಾರಿಯ ಹೆಸರನ್ನು ನಮ್ಮ ಹಳ್ಳಿಗಳು ಬಹಳ ವರ್ಷ ಮರೆಯುವುದಿಲ್ಲ.

ನಗರದ ಕುಡಿಯುವ ನೀರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2022ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ಇಲ್ಲಿ ಜನ ಸತ್ತರು. ಆ ಕಡತವನ್ನು ಮೊದಲ ದಿನವೇ ತರಿಸಿಕೊಂಡು ಓದಿ.

ವಿದ್ಯುತ್ತಿನ ಮಾತು ಬಂದರೆ ಶಕ್ತಿನಗರ ನೋಡಿ. 1985ರಲ್ಲಿ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕ ಸೇರಿ 1,720 ಮೆಗಾವಾಟ್ ಸಾಮರ್ಥ್ಯ. ಬೆಂಗಳೂರಿನ ನಿಮ್ಮ ಮನೆಯ ಫ್ಯಾನ್ ತಿರುಗಿದ್ದರಲ್ಲಿ ನಮ್ಮ ಪಾಲೂ ಇದೆ. ಹಾರುಬೂದಿ ಮಾತ್ರ ಪೂರ್ತಿ ನಮ್ಮ ಪಾಲಿಗೇ ಉಳಿಯಿತು.

ಗಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. 'ನಮ್ಮನ್ನ ತೆಲಂಗಾಣಕ್ಕೆ ಸೇರಿಸಿಬಿಡ್ರಿ' ಅನ್ನುವ ಮಾತು ಇಲ್ಲಿ ನಿಮ್ಮ ಕಿವಿಗೆ ಬೀಳುತ್ತದೆ. 2021ರಲ್ಲಿ ನಮ್ಮ ಶಾಸಕರೊಬ್ಬರೇ ವೇದಿಕೆಯ ಮೇಲೆ ಹಾಗೆ ಅಂದು ದೊಡ್ಡ ಗದ್ದಲವಾಗಿತ್ತು. ಕೇಳಿದ ತಕ್ಷಣ ನಾಡದ್ರೋಹ ಅಂತ ಎಗರಬೇಡಿ. ಕೃಷ್ಣೆಯ ಆಚೆ ದಡದ ರೈತನಿಗೆ 2018ರಿಂದ ಎಕರೆಗೆ ಇಷ್ಟು ಅಂತ ಹಂಗಾಮಿಗೊಮ್ಮೆ ದುಡ್ಡು ಬರತೊಡಗಿತು. ಮೊದಲು ನಾಲ್ಕು ಸಾವಿರ, ಆಮೇಲೆ ಐದು ಸಾವಿರ. ಈಚೆ ದಡದವನು ಅವನ ಬೀಗನೇ. ಮದುವೆ ಊಟದಲ್ಲಿ ಪಕ್ಕ ಪಕ್ಕ ಕೂತಾಗ ಈ ಮಾತು ಬರದೆ ಇರುತ್ತದಾ? ಜೀವಕ್ಕೆ ತೊಂದರೆಯಾದರೆ ನಮ್ಮ ಜನ ಹೋಗುವುದು ಹೈದರಾಬಾದಿಗೆ ಅಥವಾ ಕರ್ನೂಲಿಗೆ. ಹೈದರಾಬಾದ್ ಸುಮಾರು 200 ಕಿಲೋಮೀಟರ್, ಬೆಂಗಳೂರು ಅದರ ಎರಡರಷ್ಟು. ಏಮ್ಸ್ ಕೊಡಿ ಅಂತ ಇಲ್ಲಿ 2022ರ ಮೇ ತಿಂಗಳಲ್ಲಿ ಧರಣಿ ಕೂತದ್ದು ಸುಮ್ನೆ ಅಲ್ಲ. ಐಐಟಿ ಧಾರವಾಡಕ್ಕೆ ಹೋಯಿತು. ನಮಗೆ 2019ರಲ್ಲಿ ಐಐಐಟಿ ಸಿಕ್ಕಿತು, ಅದರ ಮೊದಲ ತರಗತಿಗಳು ನಡೆದದ್ದೂ ಹೈದರಾಬಾದಿನ ಐಐಟಿಯಲ್ಲೇ. ಹಾಗಾಗಿ ಆ ಮಾತನ್ನು ಬೆದರಿಕೆ ಅಂತ ತಿಳಿಯಬೇಡಿ. ಕೊನೆಯ ಸಲ ಕೂಗಿ ಕರೆಯುವವರ ದನಿ ಅದು.

ನಮ್ಮ ಭಾಗಕ್ಕೆ ಸೀಟು, ಕೆಲಸಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಎಲ್ಲ ಸರಿಹೋಯಿತಲ್ಲ ಅಂತ ನಿಮ್ಮ ಸಹೋದ್ಯೋಗಿಗಳು ಹೇಳಬಹುದು. ಅದರಿಂದ ನಮ್ಮ ಮಕ್ಕಳಿಗೆ ಸೀಟು ಸಿಕ್ಕಿವೆ, ಕೆಲಸ ಸಿಕ್ಕಿವೆ, ಅಲ್ಲ ಅನ್ನುವುದಿಲ್ಲ. ಆದರೆ ಕುರ್ಚಿ ಮಂಜೂರಾಗುವುದು ಬೇರೆ, ಅದರಲ್ಲಿ ಮನುಷ್ಯ ಕೂರುವುದು ಬೇರೆ. ಬಂದವರೆಲ್ಲ ಮೊದಲ ದಿನದಿಂದಲೇ ವಾಪಸ್ ಹೋಗುವ ಪತ್ರಕ್ಕೆ ಓಡಾಡಿದರೆ ಯಾವ ವಿಧಿ ಏನು ಮಾಡುತ್ತದೆ?

ಹಾಗಾಗಿ ನಮ್ಮ ಕೇಳಿಕೆ ದೊಡ್ಡದೇನಲ್ಲ. ಅವಧಿ ಮುಗಿಯುವವರೆಗೆ ಇರಿ. ಶುಕ್ರವಾರ ಸಂಜೆಯ ರೈಲಿಗೆ ಪ್ರತಿ ವಾರ ಟಿಕೆಟ್ ಮಾಡಿಸಬೇಡಿ. ನಿಜಾಮರ ಕಾಲದ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಇರುವಾಗಲೇ ಇಬ್ಬರು ಹುಡುಗರನ್ನು ಅವರ ಹತ್ತಿರ ಕಲಿಯಲು ಕಳಿಸಿ, ಇಲ್ಲದಿದ್ದರೆ ಜಮೀನಿನ ವ್ಯಾಜ್ಯಗಳು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಬೆಳಿಗ್ಗೆ ಎಲ್ಲಾದರೂ ಬೀದಿ ಬದಿ ಕೂತು ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನಿ. ಜಿಲ್ಲೆಯ ಸುದ್ದಿ ನಿಮ್ಮ ಸಭೆಗಿಂತ ಅಲ್ಲಿ ಬೇಗ ಸಿಗುತ್ತದೆ.

ಕೊನೆಯದಾಗಿ ಆ 41 ಅಡಿಯ ಕಲ್ಲು. ಕಂದಕದಲ್ಲಿ ಕಸ ಬೀಳುವುದನ್ನು ನಿಲ್ಲಿಸಿ. ಕಲ್ಲಿನ ಪಕ್ಕ ಒಂದು ಫಲಕ ಹಾಕಿಸಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಇರಲಿ. ಕೋಣಗಳ ಚಿತ್ರ ಎಲ್ಲಿದೆ ಅಂತ ಬಾಣದ ಗುರುತು ಹಾಕಿಸಿ, ಶಾಲೆ ಮಕ್ಕಳು ಹುಡುಕಿಕೊಂಡು ಹೋಗಲಿ. ಬರೆದುಕೊಡಲು ಮೂರೂ ಭಾಷೆಯವರು ಊರಲ್ಲೇ ಇದ್ದಾರೆ, ದುಡ್ಡು ಕೇಳುವವರಲ್ಲ. ನಿಮ್ಮ ಕಡೆಯಿಂದ ಬೇಕಾಗಿರುವುದು ಅನುಮತಿ ಮತ್ತು ಒಂದು ಸಹಿ. ಯಾವತ್ತು ಬಂದು ಭೇಟಿಯಾಗಬೇಕು ಅಂತ ತಿಳಿಸಿದರೆ ಬರಹದ ಕರಡು ತಂದುಕೊಡುತ್ತೇವೆ.

ಇಂತಿ ನಿಮ್ಮ,
ರಾಯಚೂರಿನ ಒಬ್ಬ ನಿವಾಸಿ